ಗಾರ್ಡಾ ಸರೋವರದ ಕೋಟೆಗಳು: ಯಾವುದನ್ನು ಹತ್ತಬೇಕು, ಯಾವುದನ್ನು ಕೆಳಗಿನಿಂದ ನೋಡಿದರೆ ಸಾಕು?

ಓದುಗರ ಪ್ರಶ್ನೆ: ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಜುಲೈ ಕೊನೆಯ ವಾರ ಇಟಲಿಯ ಗಾರ್ಡಾ ಸರೋವರಕ್ಕೆ ನಾಲ್ಕು ದಿನ ಹೋಗುತ್ತಿದ್ದೇವೆ. ಜೊತೆಗೆ ಊರಿನಿಂದ ಬಂದಿರುವ 68 ವರ್ಷದ ಅಮ್ಮ ಮತ್ತು 10 ವರ್ಷದ ಮಗಳು ಇರುತ್ತಾರೆ. ಕಾರು ಇಲ್ಲ, ರೈಲು, ಬಸ್ಸು, ದೋಣಿಯನ್ನೇ ನಂಬಿದ್ದೇವೆ. ಮಗಳಿಗೆ ಕೋಟೆ ಎಂದರೆ ಪ್ರಾಣ. ಅಮ್ಮನಿಗೆ ಮೆಟ್ಟಿಲು ಇಳಿಯುವಾಗ ಮೊಣಕಾಲು ನೋಯುತ್ತದೆ, ಆದರೆ ಅವರನ್ನು ಕೆಳಗೆ ಕೂರಿಸಿ ಹೋದರೆ ನೊಂದುಕೊಳ್ಳುತ್ತಾರೆ. ಪಾಳು ಗೋಡೆ ಯಾವಾಗ ಬೀಳುತ್ತದೋ ಹೇಳಲಾಗದು, ಮಗುವನ್ನು ಕರೆದೊಯ್ಯಬೇಡಿ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ಸಿರ್ಮಿಯೋನೆ ಒಂದನ್ನು ನೋಡಿದರೆ ಸಾಕು, ಉಳಿದದ್ದೆಲ್ಲ ಕಲ್ಲಿನ ರಾಶಿ ಎನ್ನುತ್ತಾರೆ ಇನ್ನೊಬ್ಬರು. ಅಲ್ಲಿ ದೆವ್ವವಿದೆಯಂತೆ ಎಂದು ಮಗಳು ದಿನವೂ ಕೇಳುತ್ತಿದ್ದಾಳೆ. ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು?

ಹಳೆಯ ಕಲ್ಲುಕಟ್ಟಡಗಳ ಸಂರಕ್ಷಣಾ ತಜ್ಞರ ಉತ್ತರ:

‘ಕಲ್ಲಿನ ರಾಶಿ’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ. ಅದು ನಿಜವಾಗಿದ್ದರೆ ಅಮ್ಮನ ಮೊಣಕಾಲಿಗೆ ತೊಂದರೆ ಕೊಡುವ ಅಗತ್ಯವೇ ಇರುತ್ತಿರಲಿಲ್ಲ. ಗಾರ್ಡಾದ ಸುತ್ತ ಇರುವ ಕೋಟೆಗಳನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಶತ್ರುಗಳಿಗೆ ಹೆದರಿ ಕಟ್ಟಿದರು. ಅವು ಕೆಟ್ಟದ್ದೂ ಬೇರೆ ಬೇರೆ ಕಾರಣಗಳಿಂದ. ಒಂದು ಕೋಟೆ ಹೇಗೆ ಕೆಟ್ಟಿತು ಎಂಬುದು ತಿಳಿದರೆ ಇಂದು ಅದನ್ನು ಹತ್ತುವುದು ಎಷ್ಟು ಕಷ್ಟ, ಎಷ್ಟು ಅಪಾಯ, ಅಲ್ಲಿ ನೋಡಲು ಏನು ಉಳಿದಿದೆ ಎಂಬ ಮೂರೂ ಪ್ರಶ್ನೆಗಳಿಗೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ. ನಾನು ಯಾವುದೇ ಹಳೆಯ ಕಟ್ಟಡದ ಮುಂದೆ ನಿಂತಾಗಲೂ ಮೊದಲು ಕೇಳಿಕೊಳ್ಳುವುದು ಇದನ್ನೇ.

ಸಿರ್ಮಿಯೋನೆಯ ಕೋಟೆ ಇಡಿಯಾಗಿ ಉಳಿದದ್ದು ಅದೃಷ್ಟದಿಂದಲ್ಲ, ಬಳಕೆಯಿಂದ. ವೆರೋನಾವನ್ನು ಆಳಿದ ದೆಲ್ಲಾ ಸ್ಕಾಲಾ ಮನೆತನ 13–14ನೇ ಶತಮಾನಗಳಲ್ಲಿ ಅದನ್ನು ಕಟ್ಟಿಸಿತು. ಸರೋವರದೊಳಕ್ಕೆ ಚಾಚಿದ ಕಿರಿದಾದ ನೆಲದ ತುದಿಯಲ್ಲಿರುವ ಊರಿಗೆ ಹೋಗಲು ಇದ್ದದ್ದು ಒಂದೇ ದಾರಿ. ಕೋಟೆ ಆ ದಾರಿಯನ್ನೇ ಅಡ್ಡಗಟ್ಟಿ ನಿಂತಿದೆ. ಅದರ ಒಂದು ಪಕ್ಕದಲ್ಲಿ ಯುದ್ಧದೋಣಿಗಳನ್ನು ನಿಲ್ಲಿಸಲು ಸುತ್ತಲೂ ಗೋಡೆ ಎಬ್ಬಿಸಿ ಮಾಡಿದ ಪುಟ್ಟ ಬಂದರು ಇಂದಿಗೂ ಇದೆ. ಮಧ್ಯಯುಗದ ಕೋಟೆಬಂದರು ಇಷ್ಟು ಚೆನ್ನಾಗಿ ಉಳಿದಿರುವುದು ಬಹಳ ಅಪರೂಪ. 1405ರಲ್ಲಿ ಊರು ವೆನಿಸ್ ಗಣರಾಜ್ಯದ ಕೈಗೆ ಬಂದ ಮೇಲೂ ಕಾವಲುಪಡೆ ಅಲ್ಲೇ ಇತ್ತು. ಜನ ಓಡಾಡುವ ಕಟ್ಟಡಕ್ಕೆ ಯಾರಾದರೊಬ್ಬರು ಹೆಂಚು ಬದಲಿಸುತ್ತಾರೆ, ನೀರು ಸೋರಿದರೆ ಗೋಡೆಗೆ ಗಾರೆ ಮೆತ್ತುತ್ತಾರೆ. ಕೋಟೆಯನ್ನು ಉಳಿಸಿದ್ದು ಇಂಥ ಸಣ್ಣ ಕೆಲಸಗಳೇ.

ಉತ್ತರದ ಆರ್ಕೊ ಮತ್ತು ಪೆನೆದೆ ಕೋಟೆಗಳ ಪಾಡು ಬೇರೆ. 1703ರಲ್ಲಿ, ಸ್ಪೇನಿನ ಸಿಂಹಾಸನಕ್ಕಾಗಿ ಯೂರೋಪು ಬಡಿದಾಡುತ್ತಿದ್ದಾಗ, ಫ್ರೆಂಚ್ ಸೇನಾಪತಿ ವಾಂದೋಮ್ ದಕ್ಷಿಣದಿಂದ ಟ್ರೆಂಟೊ ಕಡೆಗೆ ನುಗ್ಗಿದ. ಅವನ ಸೇನೆ ದಾರಿಯಲ್ಲಿ ಸಿಕ್ಕ ಕೋಟೆಗಳನ್ನು ಒಂದೊಂದಾಗಿ ಕೆಡವಿತು. ಆಮೇಲೆ ಅವನ್ನು ಮತ್ತೆ ಕಟ್ಟುವ ಅಗತ್ಯ ಯಾರಿಗೂ ಕಾಣಲಿಲ್ಲ, ಏಕೆಂದರೆ ಫಿರಂಗಿಗಳ ಕಾಲದಲ್ಲಿ ಎತ್ತರದ ತೆಳು ಗೋಪುರ ಶತ್ರುವಿಗೆ ಸುಲಭದ ಗುರಿಯಷ್ಟೇ. ಮಗಳಿಗೆ ಇದನ್ನು ಕಣ್ಣಾರೆ ತೋರಿಸಬಹುದು. ಸಿರ್ಮಿಯೋನೆಯ ಗೋಪುರ ಚೌಕ, ಎತ್ತರ. 16ನೇ ಶತಮಾನದ ಆರಂಭದಲ್ಲಿ ವೆನಿಸ್‌ನವರು ರಿವಾ ಪಟ್ಟಣದ ಮೇಲಿನ ಗುಡ್ಡದಲ್ಲಿ ಕಟ್ಟಿದ ‘ಬಾಸ್ತಿಯೋನೆ’ ಗುಂಡಗೆ, ಗಿಡ್ಡಗೆ, ದಪ್ಪಗೆ ಇದೆ. ಗುಂಡು ತಗುಲಿದರೆ ಜಾರಿ ಹೋಗಲಿ ಎಂಬ ಲೆಕ್ಕಾಚಾರ ಅದು. ಈ ಎರಡನ್ನು ನೋಡಿದ ಮಗು ‘ಎಲ್ಲ ಕೋಟೆಯೂ ಒಂದೇ’ ಎನ್ನಲಾರದು.

ಇನ್ನು ಗೋಡೆ ಬೀಳುವ ಭಯ. ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ಗೊತ್ತಿದ್ದವರಿಗೆ ಎಲ್ಲಿ ನಿಲ್ಲಬಾರದು ಎಂಬುದು ತಾನಾಗಿ ಹೊಳೆಯುತ್ತದೆ.

ಮಧ್ಯಯುಗದ ದಪ್ಪ ಗೋಡೆ ಒಳಗಿನವರೆಗೂ ಘನವಾದ ಕಲ್ಲು ಎಂದು ಹೆಚ್ಚಿನವರು ಭಾವಿಸುತ್ತಾರೆ. ಹಾಗಿರುವುದಿಲ್ಲ. ಹೊರಗೊಂದು, ಒಳಗೊಂದು ಚೆನ್ನಾಗಿ ಜೋಡಿಸಿದ ಕಲ್ಲಿನ ಪದರ. ನಡುವೆ ಸುಣ್ಣದ ಗಾರೆಯಲ್ಲಿ ಕಲಸಿ ತುಂಬಿದ ಜಲ್ಲಿ, ಒಡಕು ಕಲ್ಲು. ಮೇಲೆ ಚಾವಣಿ ಇರುವವರೆಗೆ ಈ ಗೋಡೆ ಶತಮಾನಗಟ್ಟಲೆ ನಿಲ್ಲುತ್ತದೆ. ಚಾವಣಿ ಹೋದ ದಿನದಿಂದ ಗೋಡೆಯ ನೆತ್ತಿ ಮಳೆಗೆ ಒಡ್ಡಿಕೊಳ್ಳುತ್ತದೆ. ನೀರು ನಡುವಿನ ತುಂಬುವಿಕೆಗೆ ಇಳಿದು ಸುಣ್ಣವನ್ನು ನಿಧಾನವಾಗಿ ಕರಗಿಸಿ ಒಯ್ಯುತ್ತದೆ. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಕರಗುತ್ತದೆ, ಮತ್ತೆ ಹಿಗ್ಗುತ್ತದೆ. ಬಿರುಕಿನಲ್ಲಿ ಬೇರೂರಿದ ಗಿಡ ಅದನ್ನು ಇನ್ನಷ್ಟು ಅಗಲಿಸುತ್ತದೆ. ಒಳಗಿನ ಜಲ್ಲಿ ಸಡಿಲವಾಗಿ ಕೆಳಗೆ ಕೂತಾಗ ಅದರ ಭಾರ ಹೊರಪದರವನ್ನು ಬದಿಗೆ ತಳ್ಳುತ್ತದೆ, ಗೋಡೆಗೆ ಹೊಟ್ಟೆ ಬರುತ್ತದೆ. ಕೊನೆಗೊಂದು ದಿನ ಹೊರಗಿನ ಕಲ್ಲುಗಳು ಒಟ್ಟಾಗಿ ಕಳಚಿ ಬೀಳುತ್ತವೆ. ಕಳೆದ ಶತಮಾನದಲ್ಲಿ ಹಲವೆಡೆ ಇದಕ್ಕೆ ಸಿಮೆಂಟಿನ ತೇಪೆ ಹಾಕಿದರು. ಒಳಗಿನ ತೇವಕ್ಕೆ ಹೊರಹೋಗುವ ದಾರಿ ಮುಚ್ಚಿದ್ದರಿಂದ ತೇಪೆಯ ಸುತ್ತಲಿನ ಹಳೆಯ ಕಲ್ಲೇ ಪುಡಿಯಾಗತೊಡಗಿತು. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾದರೆ ಮಗುವನ್ನು ಕರೆದೊಯ್ಯಬಾರದೇ? ಕರೆದೊಯ್ಯಿರಿ. ಪ್ರವೇಶದ್ವಾರ, ಗುರುತು ಮಾಡಿದ ದಾರಿ, ಕೈಕಂಬಿ ಇರುವ ಕೋಟೆಗಳಲ್ಲಿ ಸಡಿಲ ಭಾಗಗಳನ್ನು ಹುಡುಕಿ ಕಟ್ಟಿ ನಿಲ್ಲಿಸುವ ಅಥವಾ ಬೇಲಿ ಹಾಕಿ ಮುಚ್ಚುವ ಕೆಲಸ ನಡೆಯುತ್ತಿರುತ್ತದೆ. ಅಪಾಯ ಶುರುವಾಗುವುದು ಆ ದಾರಿಯಿಂದ ಆಚೆ ಕಾಲಿಟ್ಟಾಗ. ಫೋಟೊಗಾಗಿ ಗೋಡೆಯ ನೆತ್ತಿಯ ಮೇಲೆ ಹತ್ತುವುದೇ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ನೀರು ಮೊದಲು ತಿಂದಿರುವುದು ಆ ನೆತ್ತಿಯನ್ನೇ. ಮೇಲೆ ಹುಲ್ಲು ಬೆಳೆದು ಗಟ್ಟಿಯಾಗಿ ಕಾಣುತ್ತದೆ, ಕೆಳಗೆ ಕಲ್ಲು ಅಲುಗುತ್ತಿರುತ್ತದೆ. ಹೊಟ್ಟೆ ಬಂದ ಗೋಡೆಯ ಬುಡದಲ್ಲಿ ಕೂತು ತಿಂಡಿ ತಿನ್ನಬೇಡಿ. ಗೋಡೆಯ ಕೆಳಗೆ ಹೊಸದಾಗಿ ಬಿದ್ದ ಸಣ್ಣ ಕಲ್ಲುಗಳು, ಮೇಲೆ ಸುತ್ತಲಿನದಕ್ಕಿಂತ ತಿಳಿ ಬಣ್ಣದ ಒಡಕು ಕಂಡರೆ ಅಲ್ಲಿಂದ ಸರಿಯಿರಿ. ಜೋರು ಮಳೆಯ ಮರುದಿನ ಈ ಎಚ್ಚರ ಇಮ್ಮಡಿ ಇರಲಿ. ಮಗಳಿಗೆ ಈ ಗುರುತುಗಳನ್ನು ಹುಡುಕುವ ಕೆಲಸವನ್ನೇ ಕೊಡಿ. ‘ಮುಟ್ಟಬೇಡ, ಹತ್ತಬೇಡ’ ಎಂದು ನಿಮಿಷಕ್ಕೊಮ್ಮೆ ಹೇಳುವುದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಭೂಕಂಪದ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಪ್ರದೇಶದಲ್ಲಿ ನೆಲ ಕಂಪಿಸುವುದುಂಟು. 2004ರ ನವೆಂಬರ್ 24ರಂದು ಪಶ್ಚಿಮ ದಡದ ಸಾಲೊ ಸುತ್ತಮುತ್ತ ಕಟ್ಟಡಗಳಿಗೆ ಸಾಕಷ್ಟು ಹಾನಿಯಾಗಿತ್ತು. ನಾಲ್ಕು ದಿನದ ಪ್ರವಾಸವನ್ನು ಬದಲಿಸಬೇಕಾದ ವಿಚಾರ ಅದಲ್ಲ.

ದೆವ್ವದ ಕಥೆ ಸಿರ್ಮಿಯೋನೆಯದು. ಎಬೆಂಗಾರ್ದೊ ಎಂಬವನು ಹೆಂಡತಿ ಅರಿಚೆಯೊಡನೆ ಕೋಟೆಯಲ್ಲಿ ವಾಸವಾಗಿದ್ದನಂತೆ. ಬಿರುಗಾಳಿಯ ರಾತ್ರಿ ಆಶ್ರಯ ಬೇಡಿ ಬಂದ ಅತಿಥಿ ಅವಳನ್ನು ಕೊಂದನಂತೆ. ಗಂಡ ಅವನನ್ನು ಕೊಂದು, ಇಂದಿಗೂ ಬಿರುಗಾಳಿಯ ರಾತ್ರಿಗಳಲ್ಲಿ ಹೆಂಡತಿಯನ್ನು ಹುಡುಕುತ್ತಾನಂತೆ. ಇದು ಜನಪದ ಕಥೆ, ಇತಿಹಾಸವಲ್ಲ. ಕೋಟೆ ರಾತ್ರಿ ಮುಚ್ಚಿರುತ್ತದೆ ಎಂದು ಮಗಳಿಗೆ ಹೇಳಿ, ಕಥೆಯನ್ನು ಮಾತ್ರ ಪೂರ್ತಿ ಹೇಳಿ.

ಅದೇ ಊರಿನ ತುದಿಯಲ್ಲಿ ‘ಕ್ಯಾಟುಲಸ್ ಗುಹೆಗಳು’ ಎಂಬ ಹೆಸರಿನ ಜಾಗವಿದೆ. ಅದು ಗುಹೆಯಲ್ಲ, ಬೃಹತ್ತಾದ ರೋಮನ್ ಬಂಗಲೆಯ ಅವಶೇಷ. ಕವಿ ಕ್ಯಾಟುಲಸ್‌ನದೂ ಅಲ್ಲ. ಕಟ್ಟಡ ಎದ್ದದ್ದು ಅವನು ತೀರಿಕೊಂಡ ಮೇಲೆ. ಆಲಿವ್ ಮರಗಳ ನಡುವೆ ಹರಡಿರುವ ಆ ಜಾಗ ಬಹಳ ಚೆಂದ, ಆದರೆ ನೆರಳು ಕಡಿಮೆ. ಗೋಪುರಗಳ ಸುರುಳಿ ಮೆಟ್ಟಿಲು ಬಲಗೈ ಕತ್ತಿಗಾರನಿಗೆ ಅನುಕೂಲವಾಗಲೆಂದೇ ಒಂದು ದಿಕ್ಕಿಗೆ ತಿರುಗುತ್ತದೆ ಎಂಬ ಮಾತನ್ನೂ ಕೇಳಿರಬಹುದು. ಅದಕ್ಕೆ ಗಟ್ಟಿ ಆಧಾರವಿಲ್ಲ. ಎರಡೂ ದಿಕ್ಕಿಗೆ ತಿರುಗುವ ಮೆಟ್ಟಿಲುಗಳಿವೆ. ಅನೇಕ ಗೋಪುರಗಳೊಳಗೆ ಮೂಲದಲ್ಲಿ ಇದ್ದದ್ದು ಮರದ ಅಟ್ಟ ಮತ್ತು ಏಣಿಗಳು ಮಾತ್ರ. ಅಪಾಯ ಬಂದಾಗ ಏಣಿಯನ್ನು ಮೇಲಕ್ಕೆ ಎಳೆದುಕೊಂಡರೆ ಮುಗಿಯಿತು.

ಈಗ ನಿಮ್ಮ ನಾಲ್ಕು ದಿನ. ಸರೋವರ ಸುಮಾರು 370 ಚದರ ಕಿಲೋಮೀಟರ್. ಇಟಲಿಯಲ್ಲೇ ಅತಿ ದೊಡ್ಡದು. ಕಾರಿಲ್ಲದೆ ಇಡೀ ದಡವನ್ನು ಸುತ್ತುವ ಆಸೆ ಬಿಡಿ. ನನ್ನ ಸಲಹೆ: ಮೊದಲ ಮೂರು ದಿನ ಉತ್ತರದ ರಿವಾದಲ್ಲಿ ತಂಗಿ, ಕೊನೆಯ ದಿನ ದಕ್ಷಿಣದ ದೆಸೆಂಜಾನೊಗೆ ಬನ್ನಿ. ಆಲ್ಪ್ಸ್ ದಾಟಿ ಬರುವ ಬ್ರೆನ್ನರ್ ರೈಲು ಮಾರ್ಗದಲ್ಲಿ ಬಂದು ರೊವೆರೆಟೊದಲ್ಲಿ ರೈಲು ಇಳಿದರೆ ರಿವಾಕ್ಕೆ ಬಸ್ಸಿದೆ. ದೆಸೆಂಜಾನೊ ಮಿಲಾನ್–ವೆನಿಸ್ ರೈಲು ಮಾರ್ಗದಲ್ಲೇ ಇದೆ, ವೆರೋನಾ ಮೂಲಕ ಹಿಂದಿರುಗಬಹುದು.

ರಿವಾ ನಿಮ್ಮ ಅಮ್ಮನವರಿಗೆ ಹೇಳಿ ಮಾಡಿಸಿದ ಊರು. ದಡದಲ್ಲೇ ನೀರಿನ ಕಂದಕದ ನಡುವೆ ನಿಂತಿರುವ ಕೋಟೆ ಈಗ ವಸ್ತುಸಂಗ್ರಹಾಲಯ. ಅದನ್ನು ತಲುಪಲು ಏರು ದಾರಿಯಿಲ್ಲ. ಮೇಲೆ ಹೇಳಿದ ಗುಂಡು ಬಾಸ್ತಿಯೋನೆಗೆ ಊರಿನಿಂದ ಲಿಫ್ಟ್ ಇದೆ. ಅಮ್ಮ ಮಗಳು ಇಬ್ಬರೂ ಜೊತೆಯಾಗಿ ಹೋಗಿ ಮೇಲಿನಿಂದ ಸರೋವರ ನೋಡಬಹುದು. ಪ್ರವಾಸದ ಮೊದಲ ದಿನವೇ ಇಲ್ಲಿಗೆ ಹೋಗಿ; ಅಮ್ಮನಿಗೆ ತಾನೂ ಒಂದು ಕೋಟೆಯ ಮೇಲೆ ನಿಂತೆ ಎಂಬ ತೃಪ್ತಿ ಸಿಕ್ಕಿದರೆ ಮುಂದಿನ ದಿನಗಳಲ್ಲಿ ‘ನೀವು ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ’ ಎಂದು ಮನಸಾರೆ ಹೇಳುತ್ತಾರೆ. ಊರಿನ ಚೌಕದಲ್ಲಿರುವ ಅಪೊನಾಲೆ ಗೋಪುರ 13ನೇ ಶತಮಾನದ್ದು. ಎತ್ತರ 34 ಮೀಟರ್, 165 ಮೆಟ್ಟಿಲು. ಅದು ಮಗಳಿಗೆ ಮತ್ತು ನಿಮಗೆ. ಇಂಥ ಗೋಪುರಗಳಲ್ಲಿ ಹತ್ತುವವರೂ ಇಳಿಯುವವರೂ ಒಂದೇ ಇಕ್ಕಟ್ಟಿನಲ್ಲಿ ಸರಿದುಕೊಳ್ಳಬೇಕು. ನಡುವೆ ಕಾಲು ಸೋತರೆ ಕೂರಲು ಜಾಗವಿರುವುದಿಲ್ಲ. ‘ನಿಧಾನವಾಗಿ ಹತ್ತಿಬಿಡುತ್ತೇನೆ’ ಎಂದು ಅಮ್ಮ ಹೊರಟರೆ ಹತ್ತಬಲ್ಲರು, ತೊಂದರೆ ಇಳಿಯುವಾಗ ಬರುತ್ತದೆ. ಇಳಿಯುವಾಗ ದೇಹದ ಭಾರವನ್ನು ತಡೆದು ನಿಲ್ಲಿಸುವ ಕೆಲಸ ಬಾಗಿದ ಮೊಣಕಾಲಿನದು. ಇಳಿಯಲೇಬೇಕಾದ ಕಡೆ ಕೈಕಂಬಿ ಹಿಡಿದು, ನೋವಿರುವ ಕಾಲನ್ನು ಮೊದಲು ಕೆಳಗಿಡಲು ಹೇಳಿ. ಹತ್ತುವಾಗ ಗಟ್ಟಿ ಕಾಲು ಮೊದಲು.

ಎರಡನೆಯ ದಿನ ಆರ್ಕೊ. ಇದನ್ನು ತಪ್ಪಿಸಬೇಡಿ. ರಿವಾದಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಊರಿನ ಹಿಂದೆ ಕಡಿದಾದ ಬಂಡೆ, ಬಂಡೆಯ ಮೇಲೆ ಮುರಿದ ಗೋಪುರಗಳು, ಕೆಳಗೆ ಆಲಿವ್ ತೋಪು, ನಡುನಡುವೆ ಸೈಪ್ರೆಸ್ ಮರಗಳು. ಜರ್ಮನ್ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಸುಮಾರು 1495ರಲ್ಲಿ ವೆನಿಸ್‌ನಿಂದ ಮರಳುವಾಗ ಈ ದೃಶ್ಯವನ್ನು ಜಲವರ್ಣದಲ್ಲಿ ಬರೆದ. ಆ ಚಿತ್ರ ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಹೊರಡುವ ಮೊದಲು ಅದರ ಪ್ರತಿಯೊಂದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕೆಳಗಿನ ಊರಿನಿಂದ ಕೋಟೆಯನ್ನು ಆ ಚಿತ್ರದೊಂದಿಗೆ ಹೋಲಿಸಿ ನೋಡುತ್ತಾ ಕೂರುವುದು ಅಮ್ಮನಿಗೂ ಹಿತವಾದೀತು: ಚಿತ್ರದಲ್ಲಿರುವುದು ಇಡಿಯಾದ ಕೋಟೆ, ಎದುರಿಗಿರುವುದು 1703ರ ನಂತರದ್ದು.

ಮೇಲಕ್ಕೆ ಕಾಲ್ದಾರಿ ಮಾತ್ರ. ಆರೋಗ್ಯವಂತರಿಗೆ ಅರ್ಧ ಗಂಟೆಯೊಳಗಿನ ಏರು, ಕೆಲವೆಡೆ ನುಣುಪಾದ ಕಲ್ಲುಹಾಸು. ಚಪ್ಪಲಿ ಬೇಡ, ಅಡಿಭಾಗ ಹಿಡಿತ ಕೊಡುವ ಬೂಟು ಬೇಕು. ಮೇಲೆ ಒಂದು ಕೋಣೆಯಲ್ಲಿ ಮಧ್ಯಯುಗದ ಭಿತ್ತಿಚಿತ್ರಗಳಿವೆ. ಸಾಮಂತರು, ಸ್ತ್ರೀಯರು ಕೂತು ಚದುರಂಗ, ಪಗಡೆ ದಾಳಗಳನ್ನು ಆಡುತ್ತಿದ್ದಾರೆ. ಮಣ್ಣು ಕಲ್ಲುಗಳ ಅಡಿ ಹೂತಿದ್ದ ಇವು 1980ರ ದಶಕದ ದುರಸ್ತಿ ಕೆಲಸದಲ್ಲಿ ಬೆಳಕಿಗೆ ಬಂದವು. ಚಾವಣಿ ಕುಸಿದು ಬಿದ್ದ ಅವಶೇಷವೇ ಈ ಗೋಡೆಗಳನ್ನು ಮಳೆಯಿಂದ ಕಾಯ್ದಿತು ಎಂಬುದು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಾಣುವ ವಿಚಿತ್ರ. ಚಿತ್ರಗಳಿಗೆ ಬೆರಳು ತಾಕಿಸಬೇಡಿ. ಬೆವರಿನ ಉಪ್ಪು ಅವುಗಳಿಗೆ ವಿಷ. ಜುಲೈಯಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮೇಲಿರಬೇಕು. ಹನ್ನೊಂದು ಗಂಟೆಯ ನಂತರ ಬಂಡೆ ಕಾದು ಗಾಳಿಯೂ ಬಿಸಿಯಾಗುತ್ತದೆ.

ಮಗಳು ಇನ್ನೊಂದು ಪಾಳು ಕೋಟೆ ಬೇಕೆಂದರೆ ನಾಗೊ ಹಳ್ಳಿಯ ಮೇಲಿನ ಪೆನೆದೆ ಇದೆ. ಗೋಡೆಗಳು ಗಿಡ್ಡ, ನೋಟ ದೊಡ್ಡದು. ಆರ್ಕೊ ನೋಡಿ ದಣಿದ ದಿನವೇ ಇದನ್ನೂ ಸೇರಿಸಬೇಡಿ.

ಮೂರನೆಯ ದಿನ ದೋಣಿಯಲ್ಲಿ ಮಾಲ್ಚೆಸಿನೆ. 1786ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಕವಿ ಗಯಟೆ ಇಲ್ಲಿನ ಕೋಟೆಯ ಗೋಪುರದ ಚಿತ್ರ ಬರೆಯುತ್ತಾ ಕೂತಿದ್ದಾಗ ಊರಿನವರು ಗುಂಪುಗೂಡಿ ಆಸ್ಟ್ರಿಯಾದ ಗೂಢಚಾರನೆಂದು ಅವನ ಕಾಗದ ಹರಿದರು. ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಮಾಡಿ ಬಂದಿದ್ದ ಸ್ಥಳೀಯನೊಬ್ಬ ಮಾತಾಡಿದ ಮೇಲೆ ಬಿಟ್ಟರು. ಆಗ ಮಾಲ್ಚೆಸಿನೆ ವೆನಿಸ್‌ಗೆ ಸೇರಿತ್ತು, ಆಸ್ಟ್ರಿಯಾದ ಗಡಿ ಹತ್ತಿರದಲ್ಲೇ ಇತ್ತು. ಗಯಟೆ ಅಲ್ಲಿ ಇಳಿಯಬೇಕೆಂದೇನೂ ಬಂದಿರಲಿಲ್ಲ. ನಸುಕಿನಲ್ಲಿ ತೊರ್ಬೊಲೆಯಿಂದ ಹೊರಟ ಅವನ ದೋಣಿಗೆ ಎದುರುಗಾಳಿ ಬೀಸಿ ದಡ ಸೇರಬೇಕಾಯಿತು. ಆ ಗಾಳಿಯ ಲೆಕ್ಕ ಇಂದಿಗೂ ಬದಲಾಗಿಲ್ಲ: ಬೆಳಗಿನವರೆಗೆ ಉತ್ತರದಿಂದ ‘ಪೆಲೆರ್’, ಮಧ್ಯಾಹ್ನದಿಂದ ದಕ್ಷಿಣದ ‘ಓರಾ’. ಇಂದಿನ ದೋಣಿಗಳಿಗೆ ಅದರಿಂದ ತೊಂದರೆಯಿಲ್ಲ, ಆದರೆ ಅಮ್ಮನಿಗೆ ಓಲಾಟ ಒಗ್ಗದಿದ್ದರೆ ಬೆಳಗಿನ ದೋಣಿಯೇ ಮೇಲು. ದಡದಿಂದ ಕೋಟೆಯ ಬಾಗಿಲವರೆಗೆ ಕಲ್ಲು ಹಾಸಿದ ಓಣಿಗಳ ಏರು ಇದೆ. ಕೆಳಗಿನ ಅಂಗಳಗಳವರೆಗೆ ಅಮ್ಮ ಬರಬಹುದು, ಗೋಪುರ ಬೇಡ.

ಕೊನೆಯ ದಿನಕ್ಕೆ ಸಿರ್ಮಿಯೋನೆ ಅಥವಾ ಸಾನ್ ಮಾರ್ತಿನೊ. ಎರಡನ್ನೂ ತುರುಕಬೇಡಿ. ಸಿರ್ಮಿಯೋನೆ ಜುಲೈಯಲ್ಲಿ ಉಸಿರುಗಟ್ಟುವಷ್ಟು ತುಂಬಿರುತ್ತದೆ. ಹಳೆಯ ಊರಿಗೆ ರಸ್ತೆಯಿಂದ ಹೋಗುವ ಪ್ರತಿಯೊಬ್ಬನೂ ಕೋಟೆಯ ಪಕ್ಕದ ಒಂದೇ ಸೇತುವೆ ದಾಟಬೇಕು. ಬೆಳಿಗ್ಗೆ ಮೊದಲ ಬಸ್ಸು ಅಥವಾ ದೋಣಿಯಲ್ಲಿ ಹೋಗುವುದಾದರೆ ಮಾತ್ರ ನಾನು ಶಿಫಾರಸು ಮಾಡುತ್ತೇನೆ. ಅದು ಸಾಧ್ಯವಾಗದಿದ್ದರೆ ಸಾನ್ ಮಾರ್ತಿನೊ ದೆಲ್ಲಾ ಬತ್ತಾಲ್ಯಾದ ಗೋಪುರಕ್ಕೆ ಹೋಗಿ. ಅದು ಮಧ್ಯಯುಗದ್ದಲ್ಲ, 1893ರಲ್ಲಿ ಉದ್ಘಾಟನೆಯಾದ ಸ್ಮಾರಕ. 1859ರ ಜೂನ್ 24ರಂದು ಇಲ್ಲಿ ಮತ್ತು ಪಕ್ಕದ ಸೊಲ್ಫೆರಿನೊದಲ್ಲಿ ನಡೆದ ಘೋರ ಯುದ್ಧದ ಗಾಯಾಳುಗಳನ್ನು ಕಂಡ ಹೆನ್ರಿ ಡ್ಯೂನಾಂಟ್‌ನ ಪ್ರಯತ್ನದಿಂದಲೇ ರೆಡ್‌ಕ್ರಾಸ್ ಹುಟ್ಟಿತು. ನಿಮಗೆ ಮುಖ್ಯವಾದ ವಿಷಯವೆಂದರೆ ಈ ಗೋಪುರದೊಳಗೆ ಮೆಟ್ಟಿಲ ಬದಲು ಸುತ್ತಿಕೊಂಡು ಏರುವ ಇಳಿಜಾರು ದಾರಿಯಿದೆ, ಸುತ್ತಲೂ ಗೋಡೆಚಿತ್ರಗಳಿವೆ. ಅಲ್ಲಲ್ಲಿ ನಿಂತು ನೋಡುತ್ತಾ ಅಮ್ಮನೂ ಸಾಕಷ್ಟು ಮೇಲೆ ಹೋಗಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ, ಬೇಗ ಏಳುವ ಮನೆಯವರಾದರೆ ಸಿರ್ಮಿಯೋನೆ, ಇಲ್ಲವಾದರೆ ಇದು.

ಬಿಡಬಹುದಾದವು: ಲಾಜಿಸೆಯ ಕೋಟೆ ಖಾಸಗಿ ಸ್ವತ್ತು, ಹೊರಗೋಡೆ ನೋಡಬಹುದಷ್ಟೆ. ಮನೆರ್ಬಾದ ಪಾಳು ಕೋಟೆಯಿರುವ ಬಂಡೆ ಅದ್ಭುತ, ಆದರೆ ಕಾರಿಲ್ಲದೆ ತಲುಪುವುದು ಪ್ರಯಾಸ, ಸರೋವರದ ಕಡೆಗೆ ನೇರ ಪ್ರಪಾತ. ತೊರ್ರಿ ದೆಲ್ ಬೆನಾಕೊದ ಕೋಟೆ ಮಾತ್ರ ಬಿಡಲು ಮನಸ್ಸಾಗುವುದಿಲ್ಲ. 1383ರ ಆ ಕೋಟೆಗೆ ಅಂಟಿಕೊಂಡು 1760ರ ನಿಂಬೆತೋಟದ ಮನೆ ಇದೆ, ದೋಣಿ ನಿಲ್ಲುವ ಜಾಗಕ್ಕೆ ಹತ್ತಿರವೂ ಹೌದು. ಮಾಲ್ಚೆಸಿನೆ ಬೇಡವೆನಿಸಿದರೆ ಅದರ ಬದಲಿಗೆ ಇಟ್ಟುಕೊಳ್ಳಿ.

ಟಿಕೆಟ್ ವಿಷಯ. ಸಿರ್ಮಿಯೋನೆಯ ಕೋಟೆ ಮತ್ತು ರೋಮನ್ ಬಂಗಲೆ ಎರಡೂ ಇಟಲಿ ಸರ್ಕಾರದವು. 18 ವರ್ಷದೊಳಗಿನವರಿಗೆ ಉಚಿತ. ಮಗಳ ವಯಸ್ಸು ತೋರಿಸುವ ದಾಖಲೆ ಇರಲಿ. 65 ದಾಟಿದವರಿಗೆ ಹಿಂದೆ ಇದ್ದ ಉಚಿತ ಪ್ರವೇಶ 2014ರಲ್ಲಿ ರದ್ದಾಯಿತು, ಅಮ್ಮನಿಗೆ ಪೂರ್ಣ ಟಿಕೆಟ್ ಬೇಕು. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ, ಆದ್ದರಿಂದಲೇ ಆ ದಿನ ಹೋಗಬೇಡಿ. ಕೋಟೆಗೆ ಸಾಮಾನ್ಯವಾಗಿ ಸೋಮವಾರ ರಜೆ. ಉಳಿದ ಕೋಟೆಗಳನ್ನು ನಡೆಸುವುದು ಬೇರೆ ಬೇರೆ ಸಂಸ್ಥೆಗಳು, ನಿಯಮವೂ ಬೇರೆ.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಆಲ್ಪ್ಸ್ ಕಡೆಯಿಂದ ಗುಡುಗುಮಳೆ ಏಕಾಏಕಿ ಇಳಿಯುತ್ತದೆ. ಮೋಡ ಕಪ್ಪಾಗಿ ಮೊದಲ ಗುಡುಗು ಕೇಳಿದ ಕೂಡಲೇ ಗೋಪುರದ ತುದಿಯಿಂದಲೂ ಬಂಡೆಯ ಅಂಚಿನಿಂದಲೂ ಇಳಿದುಬಿಡಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಗಾಳಿ ಮಳೆ ಜೋರಾದರೆ, ಅಥವಾ ದುರಸ್ತಿ ನಡೆಯುತ್ತಿದ್ದರೆ, ಕೋಟೆ ತೆರೆದಿದ್ದರೂ ಗೋಪುರವನ್ನು ಮಾತ್ರ ಮುಚ್ಚಿರುತ್ತಾರೆ. ಹಿಂದಿನ ಸಂಜೆ ತಂಗಿರುವಲ್ಲಿನವರಿಂದ ಒಂದು ಫೋನ್ ಮಾಡಿಸಿ, ಕೋಟೆ ತೆರೆದಿದೆಯೇ ಎಂದಷ್ಟೇ ಕೇಳದೆ ಗೋಪುರ ಹತ್ತಲು ಬಿಡುತ್ತಾರೆಯೇ ಎಂದು ಬಿಡಿಸಿ ಕೇಳಿಸಿ.